ಪಿಸಿಬಿ ಹೋಗಿದೆ ಸಾರ್

ದೇಶದ ಆರ್ಥಿಕ ಪ್ರಗತಿಗೆ ಅಡ್ಡಗಾಲು ಹಾಕುವ ಕೆಲವರು ದಾವಣಗೆರೆಯಲ್ಲಿ ಇನ್ನೂ ರಾಜಾರೋಷವಾಗಿ ಓಡಾಡಿಕೊಂಡಿದ್ದಾರೆ. ಮಂಡಿಪೇಟೆಯ ಸಂದಿಗಳಲ್ಲಿ, ಅಶೋಕ ರಸ್ತೆಯ ಆಚೀಚೆ, ಹಳೇ ಊರಿನ ಯಾವುದೋ ಮಹಡಿ ಮೆಟ್ಟಿಲ ಕೆಳಗೆ ಆರಡಿ ಜಾಗ ಹಿಡಿದು, ಸೋಲ್ಡರಿಂಗ್ ಕಡ್ಡಿ ಬಿಸಿಗಿಟ್ಟು ಕೂತಿರುತ್ತಾರೆ. ಹದಿನೆಂಟು ಸಾವಿರ ಕೊಟ್ಟು ಹೊಸ ವಾಷಿಂಗ್ ಮಷೀನ್ ತರಬೇಕಾದ ಗೃಹಸ್ಥನನ್ನು ಕೂರಿಸಿಕೊಂಡು, ಎಂಬತ್ತು ರೂಪಾಯಿಯ ರಿಲೇ ಹಾಕಿ ಮನೆಗೆ ಕಳಿಸುವ ಕೃತ್ಯ ಹಾಡುಹಗಲೇ ನಡೆಯುತ್ತದೆ. ಆ ಎಂಬತ್ತಕ್ಕೆ ಇಎಂಐ ಇಲ್ಲ, ಎಕ್ಸ್‌ಟೆಂಡೆಡ್ ವಾರಂಟಿ ಇಲ್ಲ, ಪ್ರೊಸೆಸಿಂಗ್ ಫೀ ಇಲ್ಲ. ಒಂದು ಮಾರಾಟ ತಪ್ಪಿತು, ಒಂದು ಸಾಲ ತಪ್ಪಿತು, ಗುಜರಿಗೆ ಹೋಗಬೇಕಾದ ಮೂವತ್ತು ಕಿಲೋ ಮಾಲು ತಪ್ಪಿತು. ಇಷ್ಟು ನಷ್ಟ ಮಾಡಿದ ಮನುಷ್ಯ ಸಂಜೆ ಮಂಡಕ್ಕಿ ಮಿರ್ಚಿ ತಿಂದು ನೆಮ್ಮದಿಯಾಗಿ ಮನೆಗೆ ಹೋಗುತ್ತಾನೆ.

ಕಂಪನಿಗಳು ಇದನ್ನು ಕಂಡೂ ಕೈಕಟ್ಟಿ ಕೂತಿಲ್ಲ ಎಂಬುದೇ ಸಮಾಧಾನ. ಇಂಥದೊಂದು ಅಂಗಡಿಗೆ ವಾಷಿಂಗ್ ಮಷೀನಿನ ಬೋರ್ಡ್ ಬಂದಿದ್ದನ್ನು ನೋಡಿದೆ. ಅಂಗೈಯಗಲದ ಹಲಗೆ. ಹಲಗೆ ಕಂಡರೆ ತಾನೆ? ಮೇಲೆಲ್ಲ ಬೆರಳು ದಪ್ಪ ರಾಳ ಸುರಿದು ಗಟ್ಟಿ ಮಾಡಿದ್ದರು. ಒಳಗೆ ರಿಲೇ ಯಾವುದು, ಕೆಪಾಸಿಟರ್ ಯಾವುದು, ಐಸಿ ಯಾವುದು, ಮಂಜಿನೊಳಗೆ ಕಂಡಂತೆ ಕಂಡೀತು ಅಷ್ಟೆ. ಮೆಕ್ಯಾನಿಕ್ ಅಣ್ಣ ಅದನ್ನು ಬೆಳಕಿಗೆ ಹಿಡಿದ, ಸುಟ್ಟ ವಾಸನೆ ಇದೆಯೇ ಎಂದು ಮೂಸಿದ. ಬಿಸಿಗಾಳಿ ಗನ್ ಹಿಡಿದು ಒಂದು ಮೂಲೆಯನ್ನು ಮೆತ್ತಗೆ ಮಾಡಿ ಸ್ಕ್ರೂಡ್ರೈವರಿನ ತುದಿಯಿಂದ ಕೆರೆದ. ರಾಳದ ಜೊತೆಗೆ ಒಂದು ಪುಟ್ಟ ರೆಸಿಸ್ಟರೂ ಕಿತ್ತು ಬಂತು. ಬೋರ್ಡನ್ನು ಟೇಬಲ್ಲಿನ ಮೇಲಿಟ್ಟು, "ಇದನ್ನ ಮಾಡಿ ಕಳಿಸಿಲ್ರಿ ಯಜಮಾನ್ರೇ, ಸಮಾಧಿ ಕಟ್ಟಿ ಕಳಿಸ್ಯಾರೆ" ಎಂದ.

ತೇವ, ಧೂಳು, ಜಿರಳೆ ತಾಗದಿರಲೆಂದು ರಾಳ ಸುರಿಯುತ್ತೇವೆ ಎಂಬುದು ತಯಾರಕರ ವಾದ. ಸುಳ್ಳಲ್ಲ. ಬಚ್ಚಲುಮನೆಯ ಬಾಗಿಲಲ್ಲಿ ನಿಲ್ಲುವ ಯಂತ್ರಕ್ಕೆ ಅಷ್ಟು ರಕ್ಷಣೆ ಬೇಕು. ಜಿರಳೆಗೂ ಮೆಕ್ಯಾನಿಕ್ಕಿಗೂ ಒಂದೇ ಏಟಿಗೆ ಪ್ರವೇಶ ನಿಷೇಧವಾಯಿತು ಅನ್ನುವುದು ಬರೀ ಕಾಕತಾಳೀಯ ಅಂತಲೇ ಇಟ್ಟುಕೊಳ್ಳೋಣ. ಆದರೆ ಸರ್ಕ್ಯೂಟಿನ ನಕ್ಷೆ ಕೊಡದಿರುವುದು, ಐಸಿಯ ಮೇಲಿನ ನಂಬರನ್ನು ಉಜ್ಜಿ ಅಳಿಸುವುದು, ಬಿಡಿಭಾಗವನ್ನು ಹೊರಗಿನವರಿಗೆ ಮಾರದಿರುವುದು, ಮಾರಿದರೂ ಹತ್ತು ರೂಪಾಯಿಯ ಸಾಮಾನಿಗೆ ಆರು ಸಾವಿರದ ಬೋರ್ಡನ್ನೇ ಇಡಿಯಾಗಿ ತಗೊಳ್ಳಿ ಅನ್ನುವುದು, ಇವೆಲ್ಲ ಯಾವ ಜಿರಳೆಯ ಕಾಟಕ್ಕೆ ಎಂದು ಕೇಳಬೇಕಾಗಿದೆ. ರೇಡಿಯೊ, ಬ್ಲ್ಯಾಕ್ ಅಂಡ್ ವೈಟ್ ಟಿವಿಗಳ ಕಾಲದಲ್ಲಿ ಸರ್ಕ್ಯೂಟ್ ನಕ್ಷೆಗಳ ಪುಸ್ತಕವೇ ಅಂಗಡಿಯಲ್ಲಿ ಸಿಗುತ್ತಿತ್ತು. ಕೊಂಡವನು ವಸ್ತುವಿನ ಯಜಮಾನ ಎಂಬ ಭ್ರಮೆ ಆಗ ಎಲ್ಲರಿಗೂ ಇತ್ತು. ಈಗ ಮೊಬೈಲಿನ ಬೆನ್ನು ಬಿಚ್ಚಲು ಹೋದರೆ ಐದು ದಳದ ಹೂವಿನಾಕಾರದ ಸ್ಕ್ರೂ ಎದುರಾಗುತ್ತದೆ. ಆಪಲ್‌ನವರು ಐಫೋನಿಗೆ ಹಾಕಿದ್ದು ಅದು. ಅದನ್ನು ಬಿಚ್ಚುವ ಸ್ಕ್ರೂಡ್ರೈವರ್ ನಿಮ್ಮ ಮನೆಯ ಟೂಲ್ ಡಬ್ಬಿಯಲ್ಲಿ ಇರಬಾರದು ಅನ್ನುವುದೇ ಆ ಹೂವಿನ ಸೌಂದರ್ಯ.

ವಸ್ತು ಹೆಚ್ಚು ಬಾಳದಂತೆ ನೋಡಿಕೊಳ್ಳುವುದು ಇವತ್ತಿನ ಕಸುಬಲ್ಲ, ನೂರು ವರ್ಷದ ಪರಂಪರೆ. 1924ರ ಡಿಸೆಂಬರಿನಲ್ಲಿ ಓಸ್ರಾಂ, ಫಿಲಿಪ್ಸ್, ಜನರಲ್ ಎಲೆಕ್ಟ್ರಿಕ್ಕಿನ ಬಳಗ ಮೊದಲಾದ ಬಲ್ಬ್ ತಯಾರಕರು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡರು. ಒಂದೂವರೆ ಎರಡು ಸಾವಿರ ಗಂಟೆ ಉರಿಯುತ್ತಿದ್ದ ಬಲ್ಬನ್ನು ಸಾವಿರ ಗಂಟೆಗೆ ಇಳಿಸುವುದು ಅವರ ಒಪ್ಪಂದ. ಪ್ರತಿ ಕಾರ್ಖಾನೆಯೂ ಬಲ್ಬುಗಳನ್ನು ಪರೀಕ್ಷೆಗೆ ಕಳಿಸಬೇಕು, ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ಉರಿದರೆ ದಂಡ ಕಟ್ಟಬೇಕು. ಕಡಿಮೆ ಆಯುಸ್ಸಿನ ಬಲ್ಬು ಹೆಚ್ಚು ಪ್ರಕಾಶ ಕೊಡುತ್ತದೆ ಎಂದು ಅವರು ಸಮರ್ಥಿಸಿಕೊಂಡರು. ಅದರಲ್ಲಿ ಒಂದಿಷ್ಟು ಭೌತಶಾಸ್ತ್ರ ಇದೆ, ದಂಡದ ಪಟ್ಟಿಯಲ್ಲಿ ಮಾತ್ರ ಕಾಣಲಿಲ್ಲ. ಬಲ್ಬು ಬೇಗ ಸುಡಲಿ ಎಂದು ಎಂಜಿನಿಯರುಗಳು ಲ್ಯಾಬಿನಲ್ಲಿ ಹಗಲೂ ರಾತ್ರಿ ಬೆವರು ಸುರಿಸಿದರಲ್ಲ, ಆ ಶ್ರದ್ಧೆಗೆ ತಲೆಬಾಗಬೇಕು. ಕಡೆಗೆ ಎರಡನೇ ಮಹಾಯುದ್ಧ ಬಂದು ಕೂಟ ಮುರಿಯಿತು. ಯುದ್ಧದಿಂದ ಆದ ಅಪರೂಪದ ಉಪಕಾರಗಳಲ್ಲಿ ಇದೂ ಒಂದು.

ಈಗ ಎಲ್‌ಇಡಿ ಯುಗ. ಡಬ್ಬಿಯ ಮೇಲೆ 25,000 ಗಂಟೆ ಎಂದು ಅಚ್ಚಾಗಿರುತ್ತದೆ. ದಿನಕ್ಕೆ ಐದು ಗಂಟೆ ಉರಿಸಿದರೆ ಹದಿಮೂರು ವರ್ಷ ಎಂಟು ತಿಂಗಳು. ಅಂದರೆ ಮಗಳು ಅಂಗನವಾಡಿಗೆ ಹೋಗುವಾಗ ಹಾಕಿದ ಬಲ್ಬಿನಡಿ ಅವಳು ಪಿಯುಸಿ ಓದಬೇಕು. ಓದುತ್ತಿದ್ದಾಳೆಯೇ? ವಾರಂಟಿ ಒಂದೋ ಎರಡೋ ವರ್ಷ. ತಮ್ಮ ಗಂಟೆಗಳ ಮೇಲೆ ಕಂಪನಿಗೇ ಎಷ್ಟು ಭರವಸೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಬೆಳಕು ಕೊಡುವ ಚಿಪ್ಪುಗಳು ಸಾಮಾನ್ಯವಾಗಿ ಚೆನ್ನಾಗೇ ಇರುತ್ತವೆ. ಅವಕ್ಕೆ ಕರೆಂಟು ಹದ ಮಾಡಿ ಕೊಡುವ ಡ್ರೈವರಿನ ಕೆಪಾಸಿಟರ್ ಶಾಖಕ್ಕೆ ಒಣಗಿಹೋಗುತ್ತದೆ. ಇಲ್ಲವೇ ಸಾಲಾಗಿ ಜೋಡಿಸಿದ ಚಿಪ್ಪುಗಳಲ್ಲಿ ಒಂದು ಸುಟ್ಟು, ಅದೊಂದರಿಂದ ಇಡೀ ಸಾಲು ಕತ್ತಲಾಗುತ್ತದೆ. ಬಿಳಿ ಟೊಪ್ಪಿ ಕಿತ್ತು ನೋಡಿದರೆ ಒಂದು ಚಿಪ್ಪಿನ ಮೇಲೆ ಕಪ್ಪು ಚುಕ್ಕೆ. ನಮ್ಮ ಮೆಟ್ಟಿಲ ಕೆಳಗಿನ ಅಣ್ಣಂದಿರು ಅದನ್ನು ಕೆರೆದು ತೆಗೆದು, ಆ ಜಾಗಕ್ಕೆ ಒಂದು ಹನಿ ಸೀಸ ಬಿಟ್ಟು ಎರಡು ತುದಿ ಕೂಡಿಸುತ್ತಾರೆ. ಬಲ್ಬು ಫಳಕ್ಕನೆ ಹತ್ತುತ್ತದೆ. ಉಳಿದ ಚಿಪ್ಪುಗಳ ಮೇಲೆ ಭಾರ ಹೆಚ್ಚುವುದರಿಂದ ಅದೂ ಬಹಳ ದಿನ ಬಾಳುವುದಿಲ್ಲ, ಆದರೂ ಹತ್ತು ರೂಪಾಯಿಗೆ ಕೆಲವು ತಿಂಗಳ ಬೆಳಕು.

ವಾರಂಟಿಯಲ್ಲೇ ಬದಲಿಸಿಕೊಳ್ಳೋಣ ಎಂದರೆ ಬಿಲ್ ತೋರಿಸಬೇಕು. ಬಿಲ್ಲನ್ನು ನೀವು ಗಾದ್ರೇಜ್ ಬೀರುವಿನಲ್ಲಿ ಮನೆಪತ್ರದ ಜೊತೆಗೇ ಇಟ್ಟಿರುತ್ತೀರಿ. ತೆಗೆದು ನೋಡಿದರೆ ಬರೀ ಬಿಳಿ ಹಾಳೆ. ಥರ್ಮಲ್ ಪೇಪರಿನ ಅಕ್ಷರ ದಾವಣಗೆರೆಯ ಒಂದು ಬೇಸಿಗೆಯನ್ನು ದಾಟಿದರೆ ಹೆಚ್ಚು. ವಸ್ತು ಕೆಡುವ ಮೊದಲೇ ಸಾಕ್ಷಿ ಕೆಡುವ ಈ ಏರ್ಪಾಟನ್ನು ಫೀಬಸ್ ಕೂಟದವರೂ ಯೋಚಿಸಿರಲಿಲ್ಲ.

ಅಮೆರಿಕದಲ್ಲಿ ಬರ್ನಾರ್ಡ್ ಲಂಡನ್ ಎಂಬ ಮಹಾನುಭಾವರಿದ್ದರು. ವೃತ್ತಿ ರಿಯಲ್ ಎಸ್ಟೇಟ್, ಹಾಗಾಗಿ ಅವರ ಯೋಚನಾ ಲಹರಿ ದಾವಣಗೆರೆಯವರಿಗೆ ಬೇಗ ಅರ್ಥವಾದೀತು. ಆರ್ಥಿಕ ಮಹಾಕುಸಿತದ ನಡುವೆ, 1932ರಲ್ಲಿ, ಅವರೊಂದು ಕಿರುಹೊತ್ತಿಗೆ ಬರೆದು ಪರಿಹಾರ ಸೂಚಿಸಿದರು. ಜನ ಹಳೆಯ ಸಾಮಾನನ್ನೇ ಬಳಸುತ್ತ ಕೂತಿರುವುದರಿಂದ ಕಾರ್ಖಾನೆಗಳು ಮುಚ್ಚಿವೆ. ಆದ್ದರಿಂದ ಪ್ರತಿ ವಸ್ತುವಿಗೂ ಸರ್ಕಾರವೇ ಆಯುಸ್ಸು ಬರೆಯಲಿ, ಅದು ಮುಗಿದ ದಿನ ವಸ್ತು ಕಾನೂನಿನ ಪ್ರಕಾರ ಸತ್ತಂತೆ, ಸರ್ಕಾರ ತರಿಸಿಕೊಂಡು ನಾಶಮಾಡಲಿ, ಆಮೇಲೂ ಬಳಸುವ ಹಟಮಾರಿಗಳ ಮೇಲೆ ತೆರಿಗೆ ಹಾಕಲಿ. ಇದನ್ನು ಅವರು ವ್ಯಂಗ್ಯವಾಗಿ ಬರೆಯಲಿಲ್ಲ, ಮನಃಪೂರ್ವಕವಾಗಿ ಬರೆದರು. ವ್ಯಂಗ್ಯ ಬರಹಗಾರರ ಹೊಟ್ಟೆಪಾಡಿಗೆ ಇಂಥವರಿಂದಲೇ ಕಲ್ಲು ಬೀಳುವುದು.

ಲಂಡನ್ ಸಾಹೇಬರ ಕಾನೂನು ಜಾರಿಯಾಗಿದ್ದರೆ ಪಿ.ಜೆ. ಬಡಾವಣೆಯ ಹಳೇ ಮನೆಗಳ ಅರ್ಧ ಜನ ಫ್ಯಾನಿಗೆ ತೆರಿಗೆ ಕಟ್ಟಿಯೇ ದಿವಾಳಿಯಾಗುತ್ತಿದ್ದರು. ಅಜ್ಜ ಹಾಕಿಸಿದ ಸೀಲಿಂಗ್ ಫ್ಯಾನ್ ಇನ್ನೂ ತಿರುಗುತ್ತಿದೆ. ನಿಧಾನವಾಯಿತೇ, ಎರಡೂವರೆ ಎಂಎಫ್‌ಡಿ ಕೆಪಾಸಿಟರ್ ಹಾಕು. ಕರಕರ ಅಂದಿತೇ, ಬೇರಿಂಗ್ ಬದಲಿಸು. ಸುಟ್ಟಿತೇ, ಕಾಯಿಲ್ ಕಟ್ಟಿಸು. ಅದರ ಕಾಯಿಲೆಗಳೇ ಇಷ್ಟು, ಎಲ್ಲದಕ್ಕೂ ಬೀದಿಯಲ್ಲೇ ಮದ್ದು. ಈಗಿನ ಬಿಎಲ್‌ಡಿಸಿ ಫ್ಯಾನ್ ರಿಮೋಟಿನ ಮಾತು ಕೇಳುತ್ತದೆ, ಹಳೆಯದು 75 ವಾಟ್ ಕುಡಿದರೆ ಇದು ಮೂವತ್ತರಲ್ಲಿ ಮುಗಿಸುತ್ತದೆ. ನಿಜವಾಗಿಯೂ ಒಳ್ಳೆಯ ಫ್ಯಾನ್, ಸುಮ್ಮನೆ ಹೀಗಳೆಯಬಾರದು. ಒಂದು ಸಿಡಿಲಿನ ರಾತ್ರಿ ಅದರ ಬೋರ್ಡ್ ಹೋಗುವತನಕ. ಆಮೇಲೆ ಮೂರು ರೆಕ್ಕೆ, ಒಂದು ಮೋಟಾರು ಎಲ್ಲ ನೆಟ್ಟಗಿದ್ದೂ, ಬೆಂಕಿಪೊಟ್ಟಣದಷ್ಟು ಹಲಗೆಯೊಂದು ಸಿಗದೆ ಫ್ಯಾನು ಸುಮ್ಮನೆ ನೇತಾಡುತ್ತದೆ. "ಆ ಮಾಡಲ್ ಬಂದ್ ಆಗಿದೆ ಸಾರ್." ಕೊಂಡು ಮೂರು ವರ್ಷ ಆಗಿರುವುದಿಲ್ಲ. ಉಳಿಸಿದ ಕರೆಂಟಿನ ದುಡ್ಡನ್ನು ಹೊಸ ಫ್ಯಾನಿಗೆ ಸುರಿದ ಮೇಲೆ ಲೆಕ್ಕ ಚೊಕ್ಕವಾಗುತ್ತದೆ.

ಈ ನಾಟಕವನ್ನು ಬೇರೆ ಯಾವ ಊರಿನವರು ನೋಡಿದರೂ ನಡೆದೀತು, ಹರಿಹರದವರು ನೋಡಬೇಕಾಗಿ ಬಂದದ್ದು ಮಾತ್ರ ಕ್ರೌರ್ಯ. ದಾವಣಗೆರೆಯಿಂದ ಹದಿನಾಲ್ಕೇ ಕಿಲೋಮೀಟರ್. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಸೋಪಲ್ಲ, ಸೀರೆಯಲ್ಲ, ಲೇತ್ ಮಾಡುವ ಕಾರ್ಖಾನೆ. ಅಂದರೆ ಬೇರೆ ಯಂತ್ರಗಳ ಅಂಗಾಂಗ ಹೆರುವ ಯಂತ್ರ. ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರ ಎಂದೇ ಹೆಸರು. ಸೈರನ್ ಕೂಗಿದರೆ ಊರಿನ ಗಡಿಯಾರ ಸರಿಹೋಗುತ್ತಿತ್ತು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಅದರ ಲೇತ್‌ಗಳು ದೇಶದ ವರ್ಕ್‌ಶಾಪುಗಳಿಗೂ ಐಟಿಐಗಳಿಗೂ ಹೋದವು. ಈಗಲೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ "ಹಳೇ ಕಿರ್ಲೋಸ್ಕರ್ ಐತೇನ್ರೀ" ಎಂದು ಕೇಳಿಕೊಂಡು ಬರುವವರಿದ್ದಾರೆ. ಬೆಡ್ ಸವೆದರೆ ಗ್ರೈಂಡ್ ಮಾಡಿಸುತ್ತಾರೆ, ಗೇರ್ ಹಲ್ಲು ಮುರಿದರೆ ಇನ್ನೊಂದು ಯಂತ್ರದಲ್ಲಿ ಅದನ್ನೇ ಕಡಿದುಕೊಳ್ಳುತ್ತಾರೆ.

ಕಾರ್ಖಾನೆ ಏನಾಯಿತು? ಮುಚ್ಚಿತು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಬಂತು, ಉದಾರೀಕರಣದ ಮೇಲೆ ಹೊರಗಿನ ಮಾಲು ಬಂತು, ತೊಂಬತ್ತರ ದಶಕದ ಕೊನೆಗೆ ಬೇಡಿಕೆ ಕುಸಿಯಿತು. ಪಂಡಿತರು ಹೇಳುವ ಈ ಕಾರಣಗಳೆಲ್ಲ ಸರಿಯೇ ಇರಬೇಕು. ಆದರೂ ಎದುರಿಗಿರುವ ಚಿತ್ರ ಹೀಗಿದೆ: ಸಾಯದ ಯಂತ್ರ ಮಾಡಿದ ಕಾರ್ಖಾನೆ ಸತ್ತಿದೆ, ಎರಡು ವರ್ಷಕ್ಕೆ ಸಾಯುವ ಯಂತ್ರ ಮಾಡುವ ಕಂಪನಿಗಳು ಪಿ.ಬಿ. ರಸ್ತೆಯಲ್ಲಿ ಎಸಿ ಹಾಕಿಕೊಂಡು ಶೋರೂಮ್ ತೆರೆದಿವೆ. ಯಾರಿಗೆ ಬದುಕಲು ಬರುತ್ತದೆ ಎಂದು ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಊರಿನಲ್ಲಿ ಹರಿಹರೇಶ್ವರನ ಗುಡಿ ಇದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ. ಪಾಲಿಸುವವನೂ ಅವನೇ, ಲಯ ಮಾಡುವವನೂ ಅವನೇ. ಎಂಟುನೂರು ವರ್ಷಗಳ ನಂತರ ಈ ತತ್ವವನ್ನು ಪೂರ್ತಿ ಅರಗಿಸಿಕೊಂಡವರು ಗೃಹೋಪಯೋಗಿ ವಸ್ತುಗಳ ತಯಾರಕರು. ವಾರಂಟಿ ಇರುವಷ್ಟು ದಿನ ಹರಿ, ಮುಗಿದ ಮಾರನೇ ಬೆಳಿಗ್ಗೆ ಹರ. ಒಂದೇ ವ್ಯತ್ಯಾಸವೆಂದರೆ ಗುಡಿಯಲ್ಲಿ ಮಂಗಳಾರತಿ ಮಾಡಿಸಲು ಟೋಲ್ ಫ್ರೀ ನಂಬರಿಗೆ ಕರೆ ಮಾಡಿ ಕನ್ನಡಕ್ಕಾಗಿ ಮೂರನ್ನು ಒತ್ತಬೇಕಾಗಿಲ್ಲ.

ಹರಿಹರದ ಕಡೆ ಈಗಲೂ ಸಣ್ಣ ಸಣ್ಣ ಲೇತ್ ವರ್ಕ್‌ಶಾಪುಗಳಿವೆ. ಮಿಕ್ಸಿಯದೋ ವಾಷಿಂಗ್ ಮಷೀನಿನದೋ ಒಂದು ಪ್ಲಾಸ್ಟಿಕ್ ಬುಷ್ ಸವೆದು, "ಪಾರ್ಟ್ ಬರೋದಿಲ್ಲ" ಎಂದು ಶೋರೂಮಿನವರು ಕೈಯೆತ್ತಿದರೆ ಅಲ್ಲಿಗೆ ಹೋಗಿ ನೋಡಿ. ಟರ್ನರ್ ಸವೆದದ್ದನ್ನು ವರ್ನಿಯರ್‌ನಲ್ಲಿ ಹಿಡಿಯುತ್ತಾನೆ, ಎಷ್ಟು ಸವೆದಿರಬಹುದೆಂದು ಅಂದಾಜಿಸಿ ಅದಕ್ಕೊಂದಿಷ್ಟು ಕೂಡಿಸುತ್ತಾನೆ, ನೈಲಾನ್ ರಾಡಿನ ತುಂಡೊಂದನ್ನು ಚಕ್ಕಿಗೆ ಕಚ್ಚಿಸಿ ತಿರುಗಿಸುತ್ತಾನೆ. ಬಿಳಿ ಎಳೆಎಳೆಯಾಗಿ ನೈಲಾನ್ ಸುರುಳಿ ಬೀಳುತ್ತದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಬುಷ್ ತಯಾರು, ಒರಿಜಿನಲ್ಲಿಗಿಂತ ಗಟ್ಟಿ. ದೊಡ್ಡ ದೊಡ್ಡ ಕಂಪನಿಗಳ ಜಾಗತಿಕ ಸಪ್ಲೈ ಚೈನಿಗೆ ಆಗದೇ ಹೋದ ಕೆಲಸ ಇದು. ಗಟ್ಟಿಯಾಗಿ ಹೇಳಬೇಡಿ, ಮುಂದಿನ ಮಾಡಲ್‌ನಲ್ಲಿ ಬುಷ್ಷಿನೊಳಗೂ ಒಂದು ಚಿಪ್ಪು ಕೂರಿಸಿಯಾರು.

ರೈತರ ಹತ್ತಿರ ಈ ಆಟ ನಡೆಯುವುದಿಲ್ಲ ಅನ್ನುವುದೂ ಗಮನಿಸಬೇಕಾದ್ದು. ಭದ್ರಾ ನಾಲೆಯ ಕೊನೆಭಾಗಕ್ಕೆ ನೀರು ತಲುಪದ ವರ್ಷ ಬೋರ್‌ವೆಲ್ ಮೋಟಾರುಗಳು ಹಗಲಿರುಳು ಓಡುತ್ತವೆ, ವೋಲ್ಟೇಜ್ ಏರಿಳಿದು ಸುಡುತ್ತವೆ. ಸುಟ್ಟ ಮೋಟಾರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದ ರೈತ ರಿವೈಂಡಿಂಗ್ ಅಂಗಡಿಯ ಮುಂದೆ ಇಳಿಸುತ್ತಾನೆ. ಕಪ್ಪಾದ ತಾಮ್ರ ಕಿತ್ತು, ಗೇಜು ನೋಡಿ ಹೊಸ ತಂತಿ ಸುತ್ತಿ, ವಾರ್ನಿಷ್ ಹುಯ್ದು ಕೊಡುತ್ತಾರೆ. ಹಳೇ ತಾಮ್ರಕ್ಕೆ ಪ್ರತ್ಯೇಕ ಲೆಕ್ಕ, ಆ ಬಗ್ಗೆ ಒಂದು ಸಣ್ಣ ಜಗಳ. "ಈ ಮಾಡಲ್ ಬಂದ್ ಆಗೈತಿ, ಹೊಸದು ತಗೋ" ಎಂದು ಅವನಿಗೆ ಹೇಳಲು ಯಾರಿಗೂ ಧೈರ್ಯ ಸಾಲದು. ಆ ಧೈರ್ಯವನ್ನು ನಗರವಾಸಿಗಳಾದ, ಡಿಗ್ರಿ ಓದಿದ, ಎರಡು ಕ್ರೆಡಿಟ್ ಕಾರ್ಡು ಇಟ್ಟುಕೊಂಡ ನಮ್ಮ ಮೇಲೆ ಮಾತ್ರ ಪ್ರಯೋಗಿಸುತ್ತಾರೆ. ನಾವೂ "ಹೌದಾ, ಸರಿ ಹಾಗಾದ್ರೆ" ಎಂದು ತಲೆಯಾಡಿಸಿ ಎಕ್ಸ್‌ಚೇಂಜ್ ಮೇಳದ ತಾರೀಕು ವಿಚಾರಿಸುತ್ತೇವೆ. ಆಯುಧಪೂಜೆಗೆ ಕುಂಕುಮ ಹಚ್ಚಿ ಹೂವೇರಿಸಿದ ಫ್ರಿಡ್ಜನ್ನು ದೀಪಾವಳಿಯ ಆಫರಿನಲ್ಲಿ ಮಾರುವ ಭಕ್ತಿ ನಮ್ಮದು.

2016ರ ಜನವರಿಯಲ್ಲಿ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿ ಬಂದಾಗ ದಾವಣಗೆರೆ ಅದರಲ್ಲಿತ್ತು. ಊರು ಸ್ಮಾರ್ಟ್ ಆದಮೇಲೆ ಟಿವಿ ದಡ್ಡನಾಗಿರಲು ಸಾಧ್ಯವೇ? ಸ್ಮಾರ್ಟ್ ವಸ್ತುವಿನ ಅನುಕೂಲ ಏನೆಂದರೆ ಅದು ಕೆಡಬೇಕಾಗಿಯೇ ಇಲ್ಲ. ಪರದೆ ಸರಿಯಿದೆ, ಸ್ಪೀಕರ್ ಸರಿಯಿದೆ, ಆದರೆ ಆ್ಯಪ್ "ನಿಮ್ಮ ಟಿವಿಯಲ್ಲಿ ಇನ್ನು ನಾನು ನಡೆಯೆ" ಅನ್ನುತ್ತದೆ. 2025ರ ಜನವರಿಯಿಂದ ಆಂಡ್ರಾಯ್ಡ್ ಕಿಟ್‌ಕ್ಯಾಟ್ ಫೋನುಗಳಿಗೆ ವಾಟ್ಸಾಪ್ ಬಂದ್ ಆಯಿತು. ಅದೇ ವರ್ಷ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಎಳ್ಳುನೀರು ಬಿಟ್ಟಿತು. ಕೋರ್ಟು ಎದುರಿನ ಡಿಟಿಪಿ ಅಂಗಡಿಗಳಲ್ಲಿ ಬಾಡಿಗೆ ಕರಾರು ಟೈಪಿಸುವ ಎಷ್ಟೋ ಗಟ್ಟಿಮುಟ್ಟಾದ ಕಂಪ್ಯೂಟರುಗಳು ವಿಂಡೋಸ್ 11ಕ್ಕೆ ಅರ್ಹವಲ್ಲವಂತೆ. ಕರಾರಿನ ಒಕ್ಕಣೆ ಮಾತ್ರ ಅಂದಿನಿಂದ ಇಂದಿನವರೆಗೆ ಅದೇ. ಬ್ಯಾಟರಿ ಹಳೆಯದಾದ ಐಫೋನುಗಳನ್ನು ತಾನೇ ನಿಧಾನ ಮಾಡಿದ್ದೆಂದು ಆಪಲ್ 2017ರಲ್ಲಿ ಒಪ್ಪಿಕೊಂಡಿತು. ಫೋನು ಥಟ್ಟನೆ ಆರಿಹೋಗದಿರಲಿ ಎಂಬ ಕಾಳಜಿಯಿಂದ ಹಾಗೆ ಮಾಡಿದ್ದಂತೆ. ಗಿರಾಕಿಗೆ ತಿಳಿಸದೆ ಕಾಳಜಿ ತೋರಿಸಿದ್ದಕ್ಕೆ ಫ್ರಾನ್ಸ್ 2020ರಲ್ಲಿ ಎರಡೂವರೆ ಕೋಟಿ ಯೂರೋ ದಂಡ ಹಾಕಿತು.

ಫ್ರೆಂಚರು ಅಷ್ಟಕ್ಕೇ ಬಿಡಲಿಲ್ಲ. 2021ರಲ್ಲಿ ಮೊಬೈಲು, ಲ್ಯಾಪ್‌ಟಾಪು, ಟಿವಿ, ವಾಷಿಂಗ್ ಮಷೀನುಗಳ ಮೇಲೆ ರಿಪೇರಿಯ ಸುಲಭತೆಗೆ ಹತ್ತಕ್ಕೆ ಎಷ್ಟು ಅಂಕ ಎಂದು ಅಂಟಿಸಿಯೇ ಮಾರಬೇಕೆಂದು ನಿಯಮ ತಂದರು. ನಮ್ಮ ಕೇಂದ್ರ ಸರ್ಕಾರವೂ ಸುಮ್ಮನೆ ಕೂತಿಲ್ಲ. 2022ರ ಜುಲೈನಲ್ಲಿ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಉದ್ಘಾಟಿಸಿತು. ಅಲ್ಲಿ ಹೋದರೆ ಕಂಪನಿಗಳ ಕಸ್ಟಮರ್ ಕೇರ್ ವಿವರ ಸಿಗುತ್ತದೆ. ಅಂದರೆ ಯಾರಿಂದ ತಪ್ಪಿಸಿಕೊಂಡು ಬಂದಿರೋ ಅವರ ವಿಳಾಸವೇ. 2024ರ ಸೆಪ್ಟೆಂಬರಿನಲ್ಲಿ ರಿಪೇರಿ ಸೂಚ್ಯಂಕಕ್ಕೆ ಇನ್ನೊಂದು ಸಮಿತಿ, 2025ರ ಮೇನಲ್ಲಿ ಅದರ ವರದಿ. ಅಂಕವನ್ನು ಕಂಪನಿಗಳೇ ಲೆಕ್ಕಹಾಕಿ ಘೋಷಿಸಿಕೊಳ್ಳಲಿ ಎಂಬುದು ಅದರ ಸಲಹೆ. ಎಸ್ಸೆಸ್ಸೆಲ್ಸಿ ಬೋರ್ಡಿಗೆ ಈ ಉಪಾಯ ಇನ್ನೂ ಹೊಳೆದಿಲ್ಲ, ಹೊಳೆದ ವರ್ಷ ದಾವಣಗೆರೆ ಜಿಲ್ಲೆಗೆ ಮೊದಲ ಸ್ಥಾನ ಗ್ಯಾರಂಟಿ. ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್ ಒಂದರಿಂದ ಜಾರಿಯಲ್ಲಿದೆ, ಅದೂ ವಸ್ತು ಸತ್ತಮೇಲಿನ ಉತ್ತರಕ್ರಿಯೆಯ ಶಾಸ್ತ್ರ. ಜಗತ್ತು 2022ರ ಒಂದೇ ವರ್ಷದಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹೊರಹಾಕಿತು ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ, ಲೆಕ್ಕಕ್ಕೆ ಸಿಕ್ಕಿ ಮರುಬಳಕೆಗೆ ಹೋದದ್ದು ಕಾಲುಭಾಗಕ್ಕೂ ಕಡಿಮೆ. ಉಳಿದದ್ದರಲ್ಲಿ ನಮ್ಮ ಪಾಲು ಎಲ್ಲಿ ಹೋಗುತ್ತದೆ ಅನ್ನುವುದನ್ನು ಬೆಳಿಗ್ಗೆ ಒಂಬತ್ತಕ್ಕೆ ಬರುವ ಗುಜರಿ ಆಟೋದ ಮೈಕೇ ಸಾರುತ್ತದೆ: "ಹಳೇ ಟಿವಿ, ಹಳೇ ಫ್ರಿಡ್ಜ್, ಮಿಕ್ಸಿ, ವಾಷಿಂಗ್ ಮಷೀನ್, ಇನ್ವರ್ಟರ್ ಬ್ಯಾಟ್ರಿ..." ಮೊದಲು ಹಳೇ ಪೇಪರು, ಹಳೇ ಕಬ್ಬಿಣ ಅಂತಿತ್ತು. ಪಟ್ಟಿ ಬೆಳೆದಿದೆ, ಇದಕ್ಕೇ ಅಭಿವೃದ್ಧಿ ಅನ್ನುತ್ತಾರೆ.

ನಮ್ಮ ಮನೆಯ ಮೈಕ್ರೋವೇವ್ ನಿಂತಾಗ ನಾನೂ ಶಾಸ್ತ್ರೋಕ್ತವಾಗಿ ಕಂಪನಿಗೇ ದೂರು ಕೊಟ್ಟೆ. ಮೂರನೇ ದಿನ ಟೀ-ಶರ್ಟಿನ ಮೇಲೆ ಕಂಪನಿಯ ಹೆಸರು ಹೊತ್ತ ಹುಡುಗ ಬಂದ. ಹರಿಹರದವನು, ಐಟಿಐ ಮಾಡಿದವನು, ತಾತ ಕಿರ್ಲೋಸ್ಕರಿನಲ್ಲಿ ಫಿಟ್ಟರ್ ಆಗಿದ್ದರಂತೆ. ಹಿಂದಿನ ಮುಚ್ಚಳ ಬಿಚ್ಚಿ, ಮೀಟರ್ ಇಟ್ಟು, ಎರಡೇ ನಿಮಿಷದಲ್ಲಿ "ಪಿಸಿಬಿ ಹೋಗಿದೆ ಸಾರ್" ಎಂದ. ಬೋರ್ಡಿಗೆ ಇಷ್ಟು, ವಿಸಿಟಿಂಗ್ ಚಾರ್ಜ್ ಇಷ್ಟು, ಜಿಎಸ್‌ಟಿ ಬೇರೆ, ಹೊಸದಕ್ಕೆ ಇನ್ನೆರಡು ಸಾವಿರ ಹಾಕಿದರೆ ಸಾಕು ಎಂದು ಬಾಯಿಪಾಠ ಒಪ್ಪಿಸಿದ. ನಾನು ಬೇಡ ಎಂದೆ. ವಿಸಿಟಿಂಗ್ ಚಾರ್ಜ್ ತಗೊಂಡು, "ಹ್ಯಾಪಿ ಕೋಡ್ ಬಂದಿರ್ತದೆ, ಹೇಳ್ರಿ ಸಾರ್" ಎಂದ. ರಿಪೇರಿ ಆಗದಿದ್ದರೂ ಗಿರಾಕಿ ಹ್ಯಾಪಿ ಎಂದು ನಾಲ್ಕು ಅಂಕಿಯಲ್ಲಿ ದೃಢಪಡಿಸದೆ ದೂರು ಮುಚ್ಚುವುದಿಲ್ಲವಂತೆ. ಹೇಳಿದೆ. ಐದು ಸ್ಟಾರನ್ನೂ ಕೊಟ್ಟೆ, ಪಾಪ ಅವನ ಇನ್‌ಸೆಂಟಿವ್ ಅದರ ಮೇಲಿತ್ತು.

ಗೇಟಿನ ತನಕ ಹೋದವನು ತಿರುಗಿ ಬಂದ. ಆಚೀಚೆ ನೋಡಿ ದನಿ ತಗ್ಗಿಸಿದ. "ಒಂದು ರಿಲೇ ಅಷ್ಟೇ ಸಾರ್ ಹೋಗಿರೋದು. ಡ್ಯೂಟಿ ಮುಗಿಸಿ ಸಂಜೆ ಆರರ ಮೇಲೆ ಬರ್ತೀನ್ರಿ, ಈ ಟೀ-ಶರ್ಟ್ ಹಾಕ್ಕೊಂಡು ಮಾಡಂಗಿಲ್ಲ. ಇನ್ನೂರು ಕೊಡ್ರಿ ಸಾಕು."

ಆರೂಕಾಲಿಗೆ ಚೌಕಳಿ ಅಂಗಿ ಹಾಕಿಕೊಂಡು ಬಂದ.